ಹಳೆಯ ಭಾವಚಿತ್ರಗಳ ಹೊಸ ಜೋಡಣೆ

ಟ್ರಂಕಿನ ತಳದಲ್ಲಿ ಉಳಿದ ಭಾವಚಿತ್ರ, ಪತ್ರ, ಗುಂಡಿಗಳನ್ನು ಹಲಗೆಯೊಂದರ ಮೇಲೆ ಜೋಡಿಸಿ ಅಂಟಿಸುವ ಕಲೆಗೆ ಕೊಲಾಜ್ ಎಂದು ಹೆಸರು. ಈ ಬಗೆಯ ಜೋಡಣೆಯಿಂದ ಹೆಸರಾದವರು ನ್ಯೂಯಾರ್ಕಿನ ಜೋಸೆಫ್ ಕಾರ್ನೆಲ್ (1903–1972). ಅವರು ಚಿತ್ರಕಲೆಯ ಶಿಕ್ಷಣ ಪಡೆದವರಲ್ಲ. ತಾಯಿಯೊಡನೆ ವಾಸ, ಅಂಗವಿಕಲ ತಮ್ಮನ ಆರೈಕೆ. ಮನೆಮಂದಿ ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಈ ಕೆಲಸ. ಹಳೆಯ ಪುಸ್ತಕದಂಗಡಿಗಳಿಂದ ಆಯ್ದು ತಂದ ಚಿತ್ರ, ನಕ್ಷೆಗಳನ್ನು ಗಾಜಿನ ಮುಖದ ಮರದ ಪೆಟ್ಟಿಗೆಗಳಲ್ಲಿ ನೆಲೆಗೊಳಿಸುತ್ತಿದ್ದರು. ಒಂದೇ ಚಿತ್ರದ ಪ್ರತಿಗಳನ್ನು ತೆಗೆಸಿಕೊಂಡು ಹಲವು ಕೃತಿಗಳಲ್ಲಿ ಬಳಸಿದ್ದುಂಟು.

ಈ ಪ್ರತಿ ತೆಗೆಸುವ ಕ್ರಮವನ್ನೇ ಗೃಹಿಣಿಯರೂ ಮಕ್ಕಳೂ ಮುಖ್ಯವಾಗಿ ಗಮನಿಸಬೇಕು. ಮೂಲಚಿತ್ರಕ್ಕೆ ಕತ್ತರಿ, ಅಂಟು ಸಲ್ಲವು. ಅಂಟಿಸಿದೊಡನೆ ಹಿಂಬದಿಯ ಬರಹ ಮರೆಯಾಗುತ್ತದೆ. ನಮ್ಮ ಮನೆಯಲ್ಲಿ ಹಾಗೆ ಅಂಟಿಸಿದ ಚಿತ್ರವೊಂದಿದೆ. ಅದರಲ್ಲಿ ತಂದೆಯವರ ಪಕ್ಕದಲ್ಲಿ ನಿಂತಿರುವ ಹೆಣ್ಣುಮಗಳು ಯಾರೆಂದು ಹೇಳುವವರು ಈಗ ಯಾರೂ ಉಳಿದಿಲ್ಲ.