ಮಾರ್ಕೆಟ್ಟಿನ ಜಗಲಿ, ರಾತ್ರಿ ಒಂದೂವರೆ

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಅಂಗಡಿಗಳ ಶಟರ್ ಇಳಿಯುವುದನ್ನೇ ಕಾದಿದ್ದವರು ಒಬ್ಬೊಬ್ಬರಾಗಿ ಜಗಲಿ ಹತ್ತುತ್ತಾರೆ. ಹಾಸಲು ಹರಿದ ಫ್ಲೆಕ್ಸ್, ಬಿಡಿಸಿದ ರಟ್ಟಿನ ಪೆಟ್ಟಿಗೆ, ಈರುಳ್ಳಿಯ ಗೋಣಿ. ಯಾರ ಜಾಗ ಎಲ್ಲಿ ಎಂಬುದು ಎಲ್ಲರಿಗೂ ಗೊತ್ತು, ಜಗಳವಿಲ್ಲ. ಮೈಸೂರು ರಸ್ತೆ ಫ್ಲೈಓವರಿನ ಕೆಳಗೆ ಹಮಾಲರು, ಕಲಾಸಿಪಾಳ್ಯದ ಕಡೆಗೆ ಚಿಂದಿ ಆಯುವವರು, ವಿಕ್ಟೋರಿಯಾ ಆಸ್ಪತ್ರೆಯ ಆಸುಪಾಸಿನಲ್ಲಿ ದೂರದೂರಿನಿಂದ ರೋಗಿಯ ಜೊತೆ ಬಂದವರು. ಹೆಂಗಸರು ಮಾತ್ರ ದೀಪದ ಕಂಬದ ಬುಡದಲ್ಲೇ, ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗುತ್ತಾರೆ. ಕತ್ತಲಿಗೆ ಹೋಗುವ ಧೈರ್ಯವಿಲ್ಲ. ಬೆಳಕಿನಲ್ಲಿ ನಿದ್ದೆ ಹತ್ತುವುದಿಲ್ಲ.

ಇವರಲ್ಲಿ ಬಹಳ ಮಂದಿ ದುಡಿದು ತಿನ್ನುವವರು. ನಸುಕಿನಲ್ಲಿ ಹೂವು, ತರಕಾರಿಯ ಲಾರಿಗಳು ಬಂದಾಗ ಮೂಟೆ ಇಳಿಸುವ ಬೆನ್ನುಗಳು ಇವರವೇ.

ಒಂದೂವರೆ ಸುಮಾರಿಗೆ ಶಟರಿನ ಮೇಲೆ ಲಾಠಿ ಬಡಿಯುತ್ತದೆ. ಖಾಲಿ ಬೀದಿಯಲ್ಲಿ ಆ ತಗಡಿನ ಸದ್ದಿಗೆ ಸಾಲಿಗೆ ಸಾಲೇ ಎದ್ದು ಕೂರುತ್ತದೆ.

‘ಏಳ್ರೋ, ಏಳ್ರೋ. ಜಾಗ ಖಾಲಿ ಮಾಡಿ.’

‘ಇನ್ನೊಂದ್ ಗಂಟೆ ಬಿಡಿ ಸ್ವಾಮಿ. ಮೂರಕ್ಕೆ ಲೋಡ್ ಬರ್ತದೆ, ಇಳಿಸ್ಬೇಕು.’

‘ಸಾಹೇಬ್ರು ರೌಂಡ್ಸ್ ಬರ್ತಾರಜ್ಜ. ನನ್ ತಲೆ ಮೇಲ್ ಬರ್ತದೆ, ಏಳು.’

‘ಎಲ್ಲಿಗ್ ಹೋಗ್ಲಿ?’

ಕಾನ್‌ಸ್ಟೆಬಲ್ ಉತ್ತರ ಹೇಳದೆ ಟೌನ್‌ಹಾಲ್ ಕಡೆಗೆ ಲಾಠಿ ತೋರಿಸುತ್ತಾನೆ. ತನ್ನ ಬೀಟು ದಾಟಿದರೆ ಆಯಿತು. ಅಲ್ಲಿ ಇನ್ನೊಬ್ಬ ಎಬ್ಬಿಸುತ್ತಾನೆ.

ಅಜ್ಜ ಗಂಟು ಕಟ್ಟುತ್ತಾನೆ. ಒಂದು ಲುಂಗಿ, ಸೊಟ್ಟಗಾದ ಸ್ಟೀಲ್ ಡಬ್ಬಿ, ಆಸ್ಪತ್ರೆಯ ಚೀಟಿ. ಎಲ್ಲಕ್ಕಿಂತ ಒಳಗೆ, ಹಾಲಿನ ಕವರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಆಧಾರ್ ಕಾರ್ಡು. ಅದನ್ನು ಎರಡು ಸಲ ಮುಟ್ಟಿ ನೋಡಿಕೊಳ್ಳುತ್ತಾನೆ. ಕಸದ ಲಾರಿಗೆ ಗಂಟು ಹೋದರೆ ಕಾರ್ಡೂ ಹೋಯಿತು. ಹೊಸದಕ್ಕೆ ಓಡಾಡಬೇಕು, ವಿಳಾಸ ಕೇಳಿದರೆ ಹೇಳಲು ಅವನಿಗೊಂದು ಬಾಗಿಲಿಲ್ಲ.

ಬೀದಿಯವರ ಬಾಯಲ್ಲಿ ಎಲ್ಲಕ್ಕಿಂತ ದೊಡ್ಡ ಹೆದರಿಕೆ ‘ಬೆಗ್ಗರ್ಸ್ ಕಾಲೊನಿ’ಯದು: ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷೆ ಬೇಡುವವರನ್ನು ವಾರಂಟಿಲ್ಲದೆ ಹಿಡಿದು ಅಲ್ಲಿ ಇರಿಸಬಹುದು. ಬೇಡುವವನು ಯಾರು, ಕೂಲಿ ಸಿಗದೆ ಸುಮ್ಮನೆ ಕೂತವನು ಯಾರು ಎಂದು ವ್ಯಾನಿನ ಬಾಗಿಲಲ್ಲಿ ವಿಚಾರಿಸುವ ವ್ಯವಧಾನ ಎಷ್ಟು ಮಂದಿಗಿದೆ? 2010ರ ಆಗಸ್ಟ್‌ನಲ್ಲಿ ಆ ಕೇಂದ್ರದೊಳಗೆ ಕೆಲವೇ ದಿನಗಳಲ್ಲಿ ಹತ್ತಾರು ಮಂದಿ ಸತ್ತರು. ನಗರ ಅದನ್ನು ಮರೆತಿದ್ದರೂ ಜಗಲಿಯವರು ಮರೆತಿಲ್ಲ. ಇಂಥದೇ ಕಾಯ್ದೆಯ ಮುಖ್ಯ ಕಲಮುಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ನಮ್ಮಲ್ಲಿ ಕಾಯ್ದೆ ಹಾಗೇ ಉಳಿದಿದೆ.

ಲಾಠಿ ಹಿಡಿದವನೊಬ್ಬನನ್ನೇ ದೂರಿ ನಾನು ಮುಗಿಸಲಾರೆ. ಅವನೂ ರಾತ್ರಿಯಿಡೀ ನಿಂತವನು. ಬೆಳಗ್ಗೆ ಅಂಗಡಿಯವರ ದೂರು ಅವನ ಠಾಣೆಗೇ ಬರುತ್ತದೆ. ಮಲಗಲು ಜಾಗ ಕೊಡಬೇಕಾದ್ದು ಪಾಲಿಕೆ. ಕೊಡದೇ ಹೋದಾಗ ಆ ಕೆಲಸ ಪೊಲೀಸರ ಕೈಗೆ ಬರುತ್ತದೆ, ಪೊಲೀಸರಿಗೆ ಗೊತ್ತಿರುವುದು ಎಬ್ಬಿಸುವುದು. ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲೂ ರಾತ್ರಿ ತೆರೆದಿರುವ ಆಶ್ರಯ ಕೇಂದ್ರಗಳು ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷ. ಹಳೆಯ ಆ ಲೆಕ್ಕಕ್ಕೇ 84 ಕೇಂದ್ರಗಳಾಗಬೇಕಿತ್ತು. ಅದಾದ ಮೇಲೂ ಬಹುಕಾಲ ಇದ್ದದ್ದು ಬೆರಳೆಣಿಕೆಯಷ್ಟು. ತೆರೆದವೂ ಕೆಲಸವಿರುವ ಕಡೆ ಇರಬೇಕು. ಮೂರು ಗಂಟೆಗೆ ಮೂಟೆ ಹೊರುವವನಿಗೆ ಊರಾಚೆ ಹಾಸಿಗೆ ಕೊಟ್ಟರೆ ಅವನು ಜಗಲಿಗೇ ಬರುತ್ತಾನೆ.

ಹಣವಿಲ್ಲ ಎನ್ನುವಂತಿಲ್ಲ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇ 3ರಷ್ಟು ಭಿಕ್ಷುಕರ ಸೆಸ್ ಸೇರಿರುತ್ತದೆ. ಪಾಲಿಕೆ ಅದನ್ನು ವಸೂಲು ಮಾಡಿಯೂ ನಿರಾಶ್ರಿತರ ಕೇಂದ್ರ ನಡೆಸುವ ಪರಿಹಾರ ಸಮಿತಿಗೆ ಕೊಡದೆ ಬಾಕಿ ಉಳಿಸಿಕೊಂಡದ್ದು ಹಲವು ಸಲ ಸುದ್ದಿಯಾಗಿದೆ. ಈ ಬಾರಿ ತೆರಿಗೆ ಕಟ್ಟಿದಾಗ ರಸೀದಿಯಲ್ಲಿ ಆ ಸಾಲನ್ನು ಹುಡುಕಿ. ವಾರ್ಡ್ ಕಚೇರಿಗೆ ಹೋಗಿ, ನಮ್ಮ ಭಾಗದ ಆಶ್ರಯ ಕೇಂದ್ರ ಎಲ್ಲಿದೆ, ನಾವು ಕೊಟ್ಟ ದುಡ್ಡು ಎಲ್ಲಿದೆ ಎಂದು ಬರವಣಿಗೆಯಲ್ಲಿ ಕೇಳಿ.