ಶಾಸನದ ಓದು, ಸತ್ಯವೇದದ ಓದು

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕದಂಬರ ಮೂಲವನ್ನು ತಿಳಿಸುವ ಪ್ರಧಾನ ಆಧಾರವೆಂಬುದು ಸುವಿದಿತವಾಗಿದೆ. ಕುಬ್ಜಕವಿಯ ಈ ಸಂಸ್ಕೃತ ರಚನೆಯಲ್ಲಿ ಮಯೂರಶರ್ಮನು ಕಂಚಿಯಲ್ಲಿ ಪಲ್ಲವರ ರಾವುತನೊಡನೆ ಕಲಹವಾಗಿ ಶಸ್ತ್ರ ಹಿಡಿದುದೂ, ಷಡಾನನನು ಮಾತೃಗಣಸಹಿತನಾಗಿ ಅವನಿಗೆ ಅಭಿಷೇಕ ಮಾಡಿದುದೂ ಜೊತೆಜೊತೆಯಾಗಿ ಬರುತ್ತವೆ. ಎರಡನೆಯ ಮಾತಿನ ಕಾರಣದಿಂದ ಇತಿಹಾಸಕಾರನು ಶಾಸನವನ್ನು ಬದಿಗಿಡುವುದಿಲ್ಲ. ಅಭಿಷೇಕದ ತಿಥಿವಾರಗಳನ್ನು ಹುಡುಕಲೂ ಹೊರಡುವುದಿಲ್ಲ. ವೇದಾಧ್ಯಯನಕ್ಕೆ ಹೊರಟವನು ದೊರೆಯಾದುದನ್ನು ಆ ವಂಶವು ಹೇಗೆ ಅರ್ಥಮಾಡಿಕೊಂಡಿತೆಂಬುದನ್ನು ಅಲ್ಲಿ ಕಾಣುತ್ತಾನೆ.

ಈ ಶಾಸನವನ್ನೊಳಗೊಂಡ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟವನ್ನು 1902ರಲ್ಲಿ ಹೊರತಂದವರು ಬಿ. ಎಲ್. ರೈಸ್. ಅವರ ತಂದೆ ಬಿ. ಎಚ್. ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳಾಗಿದ್ದು, ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದವರು. ಮಗನು ಸಂಪಾದಿಸಿದ ಶಾಸನಗಳನ್ನು ಓದುವ ಎಚ್ಚರದಿಂದಲೇ ತಂದೆಯು ತಿದ್ದಿದ ಗ್ರಂಥವನ್ನೂ ಓದಬಹುದೆ ಎಂಬುದು ನಮ್ಮ ಪ್ರಶ್ನೆ.

ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಸಸ್ಯಗಳು, ಪ್ರಾಣಿಗಳು ಮೊದಲು, ಮನುಷ್ಯರು ಅನಂತರ. ಎರಡನೆಯದರಲ್ಲಿ ಮನುಷ್ಯನೇ ಮೊದಲು. ಸತ್ಯವೇದವೆಂಬ ಕನ್ನಡ ಅನುವಾದದಲ್ಲಿ ಸೃಷ್ಟಿಕರ್ತನು ಮೊದಲ ಕಥನದಲ್ಲಿ 'ದೇವರು', ಎರಡನೆಯದರಲ್ಲಿ 'ಯೆಹೋವದೇವರು'; ಎರಡು ಪರಂಪರೆಗಳ ಗುರುತು ಕನ್ನಡ ಓದುಗನ ಕಣ್ಣಿಗೂ ಬೀಳುವಂತಿದೆ. ಇವೆರಡನ್ನೂ ದಿನಚರಿಯೆಂದೆಣಿಸಿದರೆ ಒಂದನ್ನು ಸುಳ್ಳೆನ್ನಬೇಕಾದೀತು. ಮೊದಲ ಕಥನವು ಬಾಬಿಲೋನಿನ ಸೆರೆವಾಸದ ಕಾಲದ್ದೆಂದು ಅನೇಕ ವಿದ್ವಾಂಸರ ಮತ. ಆ ನಾಡಿನಲ್ಲಿ ಸೂರ್ಯಚಂದ್ರರು ದೇವತೆಗಳು. ಈ ಅಧ್ಯಾಯವಾದರೋ ಅವರ ಹೆಸರನ್ನೂ ಎತ್ತದೆ ಬರಿಯ ಬೆಳಕುಗಳೆಂದು ಕರೆಯುತ್ತದೆ. ಸೋತ ಜನಾಂಗವೊಂದು ಗೆದ್ದವರ ದೈವಗಳನ್ನು ದೀಪಗಳಾಗಿ ಇಳಿಸಿದ ಈ ಧೈರ್ಯವು, ಆರು ದಿನಗಳ ಗಂಟೆಗಳನ್ನು ಲೆಕ್ಕಹಾಕುವವನಿಗೆ ಕಾಣುವುದೇ ಇಲ್ಲ.

ಇಂಥ ಓದು ಸಭೆಯ ಹೊರಗಿನವರ ಕುಚೋದ್ಯವೆಂದು ಕೆಲವರು ಭಾವಿಸುವುದುಂಟು. ಆದರೆ ಗ್ರಂಥದ ಸಾಹಿತ್ಯಪ್ರಕಾರಗಳನ್ನು ಗಮನಿಸಬೇಕೆಂದು 1943ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರೂ, 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ವಿಧಿಸಿದುವು. 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಪ್ರಾಂತವು ಈ ಬೋಧನೆಗಿಂತ ಕಿರಿಯದು! ದಕ್ಷಿಣ ಭಾರತ ಸಭೆಯಲ್ಲಿ ಪ್ರಶ್ನೆಯು ಇನ್ನೂ ಹತ್ತಿರಕ್ಕೆ ಬಂದಿತು. ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂಬ ವಿಧಿ ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರಿಕೆಯ 14ನೆಯ ಅಧ್ಯಾಯದಲ್ಲಿದೆ. ಅದೇ ಪತ್ರಿಕೆಯ 11ನೆಯ ಅಧ್ಯಾಯವು ಸ್ತ್ರೀಯರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಸಹಜವೆಂದೇ ಎಣಿಸುತ್ತದೆ. 1976ರಲ್ಲಿ ಆ ಸಭೆಯು ಸ್ತ್ರೀಗೆ ಗುರುದೀಕ್ಷೆಯನ್ನಿತ್ತಿತು. 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ಪರಾದರು.

ಷಡಾನನನ ಅಭಿಷೇಕವು ಅಲಂಕಾರವಾದರೆ ಕ್ರಿಸ್ತನ ಪುನರುತ್ಥಾನವೂ ಅಲಂಕಾರವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದು. ಅದೇ ಪತ್ರಿಕೆಯ 15ನೆಯ ಅಧ್ಯಾಯದ ರೀತಿ ಬೇರೆ: ಅಲ್ಲಿ ಪೌಲನು ಕಂಡವರ ಹೆಸರು ಹೇಳುತ್ತಾನೆ, ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆನ್ನುತ್ತಾನೆ. ಇದು ಕಾವ್ಯದ ವರಸೆಯಲ್ಲ, ಸಾಕ್ಷ್ಯದ ವರಸೆ. ಅವರು ಹಾಗೆ ಸಾಕ್ಷಿ ನುಡಿದರೆಂದು ಇತಿಹಾಸಕಾರನು ಹೇಳಬಲ್ಲನು. ಆ ಸಾಕ್ಷಿಯನ್ನು ನಂಬುವುದೂ ಬಿಡುವುದೂ ಓದುಗನಿಗೆ ಸೇರಿದ್ದು.