ಹೊರನಾಡಿನಲ್ಲಿ ಹುಟ್ಟಿದ ಮಗುವಿನ ಪೌರತ್ವ ಮತ್ತು ಪಾಸ್‌ಪೋರ್ಟ್: ಜರ್ಮನಿಯ ಉದಾಹರಣೆ

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಇಬ್ಬರೂ ಜರ್ಮನಿಯ ಒಂದೇ ಊರಿನಲ್ಲಿ, ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದವರು. ಹಿರಿಯಳು ಭಾರತದ ಪ್ರಜೆ, ಕಿರಿಯನು ಜರ್ಮನಿಯ ಪ್ರಜೆ. ತಂದೆತಾಯಿಗಳಾದ ನಾವು ಇಬ್ಬರಲ್ಲಿ ಭೇದವೆಣಿಸಿದ್ದರಿಂದ ಹೀಗಾದದ್ದಲ್ಲ. ಅವರು ಹುಟ್ಟಿದ ಹೊತ್ತಿಗೆ ನಾವು ಇಲ್ಲಿ ನೆಲೆಸಿದ್ದ ಅವಧಿ ಬೇರೆ ಬೇರೆಯಾಗಿತ್ತು. ಇಂತಹ ಸಂದರ್ಭದಲ್ಲಿರುವ ಕನ್ನಡ ಕುಟುಂಬಗಳು ನನಗೆ ಆಗಾಗ ಪ್ರಶ್ನೆಗಳನ್ನು ಕೇಳುವುದುಂಟು. ಅವುಗಳಿಗೆ ಒಂದೆಡೆ ಉತ್ತರವಿರಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ನನಗೆ ಸ್ವಾನುಭವವಿರುವುದು ಜರ್ಮನಿಯದು. ಆದರೆ ಭಾರತದ ಕಾನೂನಿಗೆ ಸಂಬಂಧಿಸಿದ ಭಾಗವು ಯಾವ ದೇಶದಲ್ಲಿರುವ ಕನ್ನಡಿಗರಿಗೂ ಅನ್ವಯಿಸುತ್ತದೆ.

ಎರಡು ತತ್ತ್ವಗಳು

ಜಗತ್ತಿನ ಪೌರತ್ವ ಕಾನೂನುಗಳು ಮುಖ್ಯವಾಗಿ ಎರಡು ತತ್ತ್ವಗಳ ಮೇಲೆ ನಿಂತಿವೆ. ಮೊದಲನೆಯದು ನೆಲದ ಹಕ್ಕು: ಮಗು ಯಾವ ನೆಲದಲ್ಲಿ ಹುಟ್ಟಿತೋ ಆ ದೇಶದ ಪ್ರಜೆ. ಎರಡನೆಯದು ವಂಶದ ಹಕ್ಕು: ತಂದೆತಾಯಿಗಳ ಪೌರತ್ವವೇ ಮಗುವಿನದು. ಕೆನಡಾ ನೆಲದ ಹಕ್ಕನ್ನು ಮಾನ್ಯ ಮಾಡುತ್ತದೆ. ಅಮೆರಿಕದಲ್ಲಿ 1868ರ ಹದಿನಾಲ್ಕನೆಯ ತಿದ್ದುಪಡಿ ಮತ್ತು 1898ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಇದಕ್ಕೆ ಆಧಾರವಾಗಿವೆ. ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಈ ಹಕ್ಕನ್ನು ನಿರಾಕರಿಸುವ ಅಧ್ಯಕ್ಷೀಯ ಆದೇಶವೊಂದು 2025ರ ಜನವರಿಯಲ್ಲಿ ಹೊರಟು ನ್ಯಾಯಾಲಯಗಳ ಮೆಟ್ಟಿಲೇರಿತು. ಆದ್ದರಿಂದ ಅಲ್ಲಿಯ ಓದುಗರು ಹೆರಿಗೆಯ ಹೊತ್ತಿಗೆ ಇರುವ ಸ್ಥಿತಿಯನ್ನು ನೋಡಿಕೊಳ್ಳಬೇಕು.

ಬ್ರಿಟನ್ 1983ರ ಜನವರಿ 1ರಿಂದ ಮತ್ತು ಆಸ್ಟ್ರೇಲಿಯ 1986ರ ಆಗಸ್ಟ್ 20ರಿಂದ ನೆಲದ ಹಕ್ಕನ್ನು ಮೊಟಕುಗೊಳಿಸಿವೆ. ಅಲ್ಲಿ ತಂದೆತಾಯಿಗಳಲ್ಲಿ ಒಬ್ಬರಾದರೂ ಆ ದೇಶದ ಪ್ರಜೆಯಾಗಿರಬೇಕು, ಇಲ್ಲವೆ ಕಾಯಂ ವಾಸದ ಹಕ್ಕನ್ನು ಪಡೆದಿರಬೇಕು. ಗಲ್ಫ್ ದೇಶಗಳಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ದೊರೆಯದು. ಸಿಂಗಪುರದಲ್ಲಿಯೂ ಅಷ್ಟೇ: ತಂದೆ ಅಥವಾ ತಾಯಿ ಅಲ್ಲಿಯ ಪ್ರಜೆಯಾಗಿರಬೇಕು.

ಜರ್ಮನಿಯ ನಿಯಮ

ಜರ್ಮನಿಯು ಬಹುಕಾಲ ವಂಶದ ಹಕ್ಕನ್ನಷ್ಟೇ ಮಾನ್ಯ ಮಾಡುತ್ತಿತ್ತು. 2000ನೆಯ ಇಸವಿಯಲ್ಲಿ ನೆಲದ ಹಕ್ಕಿಗೆ ಒಂದು ಕಿರುಬಾಗಿಲು ತೆರೆಯಿತು. ಅದಕ್ಕೆ ಎರಡು ಷರತ್ತುಗಳು: ತಂದೆ ಅಥವಾ ತಾಯಿ ಎಂಟು ವರ್ಷಗಳಿಂದ ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರಬೇಕು ಮತ್ತು ಅದೇ ವ್ಯಕ್ತಿಗೆ ಕಾಯಂ ವಾಸದ ಹಕ್ಕು ಇರಬೇಕು. 2024ರ ಜೂನ್ 27ರಂದು ಜಾರಿಗೆ ಬಂದ ತಿದ್ದುಪಡಿಯು ಈ ಎಂಟು ವರ್ಷಗಳನ್ನು ಐದಕ್ಕೆ ಇಳಿಸಿತು. ಅದೇ ತಿದ್ದುಪಡಿಯು ಬಹುಪೌರತ್ವಕ್ಕೂ ಸಮ್ಮತಿ ನೀಡಿತು.

ನಾವು ಇಲ್ಲಿಗೆ ಬಂದದ್ದು 2015ರಲ್ಲಿ. ಕಾಯಂ ವಾಸದ ಪರವಾನಗಿ ದೊರೆತದ್ದು 2019ರಲ್ಲಿ. ಮಗಳು ಹುಟ್ಟಿದ್ದು 2022ರ ಆರಂಭದಲ್ಲಿ. ಆಗ ನಮಗೆ ಆರು ವರ್ಷಗಳಷ್ಟೇ ತುಂಬಿದ್ದವು. ಮಗ ಹುಟ್ಟಿದ್ದು 2024ರ ಶರತ್ಕಾಲದಲ್ಲಿ, ಎಂಟು ವರ್ಷಗಳೂ ತುಂಬಿದ ಮೇಲೆ. ಒಂದೇ ತಂದೆತಾಯಿಗಳ ಮಕ್ಕಳು ಎರಡು ದೇಶಗಳ ಪ್ರಜೆಗಳಾದ ಬಗೆ ಇದು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಎರಡು ಷರತ್ತುಗಳೂ ಹುಟ್ಟಿದ ದಿನದಂದೇ ಪೂರೈಸಿರಬೇಕು. ಬ್ಲೂ ಕಾರ್ಡ್ ಹೊಂದಿದವರಿಗೆ ಕಾಯಂ ಪರವಾನಗಿಯು ಐದು ವರ್ಷಗಳಿಗಿಂತ ಬಹಳ ಮುಂಚೆಯೇ ದೊರೆಯಬಹುದು. ಅವರಿಗೆ ಅವಧಿ ಸಾಲದೆ ಹೋಗುತ್ತದೆ. ವಿದ್ಯಾರ್ಥಿಗಳಾಗಿ ಬಂದವರಿಗೆ ಐದು ವರ್ಷ ತುಂಬಿದ್ದರೂ ಕಾಯಂ ಪರವಾನಗಿ ಇರುವುದಿಲ್ಲ. ಅರ್ಹತೆ ಇದ್ದೂ ಪರವಾನಗಿಗೆ ಅರ್ಜಿ ಹಾಕದೆ ಮುಂದೂಡಿದ ದಂಪತಿಗಳಿದ್ದಾರೆ. ಗರ್ಭ ನಿಂತ ಸುದ್ದಿ ತಿಳಿದ ಕೂಡಲೇ ಈ ಅರ್ಜಿಯನ್ನು ಹಾಕುವುದು ಲೇಸು. ಮಗುವಿಗಾಗಿ ಬೇರೆ ಪೌರತ್ವದ ಅರ್ಜಿ ಸಲ್ಲಿಸಬೇಕಾಗಿಲ್ಲ. ಜನನವನ್ನು ದಾಖಲಿಸುವ ಸ್ಟಾಂಡೆಸಾಮ್ಟ್ ಕಚೇರಿಯೇ ಅರ್ಹತೆಯನ್ನು ಪರಿಶೀಲಿಸಿ ತೀರ್ಮಾನಿಸುತ್ತದೆ.

ಭಾರತದ ನಿಯಮ

ಭಾರತೀಯ ದಂಪತಿಗಳಲ್ಲಿ ಹಲವರು, ತಮ್ಮ ಮಗು ಎಲ್ಲಿ ಹುಟ್ಟಿದರೂ ತಾನಾಗಿಯೇ ಭಾರತೀಯ ಎಂದು ಭಾವಿಸಿರುತ್ತಾರೆ. ಹಿಂದೆ ಈ ಭಾವನೆಗೆ ಆಧಾರವಿತ್ತು, ಈಗ ಇಲ್ಲ. 1955ರ ಪೌರತ್ವ ಕಾಯಿದೆಯ ನಾಲ್ಕನೆಯ ಕಲಮು ಹೊರದೇಶದಲ್ಲಿ ಹುಟ್ಟಿದವರನ್ನು ಕಾಲಾನುಸಾರ ಮೂರು ಗುಂಪುಗಳಾಗಿ ವಿಂಗಡಿಸುತ್ತದೆ. 1992ರ ಡಿಸೆಂಬರ್ 10ಕ್ಕೆ ಮುಂಚೆ ಹುಟ್ಟಿದವರಿಗೆ ತಂದೆಯಿಂದ ಮಾತ್ರ ಪೌರತ್ವ ಬರುತ್ತಿತ್ತು. ಅಂದಿನಿಂದ ತಾಯಿಯಿಂದಲೂ ಬರತೊಡಗಿತು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ ಮಗುವು ಭಾರತೀಯವಾಗಬೇಕಾದರೆ, ಅದರ ಜನನವನ್ನು ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ಅಥವಾ ಕಾನ್ಸುಲೇಟಿನಲ್ಲಿ ನೋಂದಾಯಿಸಲೇಬೇಕು. ವರ್ಷ ಕಳೆದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ ನೋಂದಣಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ.

ಇದರ ಪರಿಣಾಮವನ್ನು ಚೆನ್ನಾಗಿ ಮನಗಾಣಬೇಕು. ನನ್ನ ಮಗಳು ಜರ್ಮನಿಯ ಕಾನೂನಿನಂತೆ ಜರ್ಮನ್ ಅಲ್ಲ. ನಾವು ನೋಂದಾಯಿಸುವ ತನಕ ಭಾರತದ ಕಾನೂನಿನಂತೆ ಭಾರತೀಯಳೂ ಅಲ್ಲ. ತೊಟ್ಟಿಲಲ್ಲಿ ಮಲಗಿದ್ದ ಕೂಸು ಆ ಅವಧಿಯಲ್ಲಿ ಯಾವ ದೇಶಕ್ಕೂ ಸೇರಿರಲಿಲ್ಲ. ಗಲ್ಫಿನಲ್ಲಿ, ಸಿಂಗಪುರದಲ್ಲಿ, ಕಾಯಂ ಪರವಾನಗಿಯಿಲ್ಲದೆ ಬ್ರಿಟನ್ನಿನಲ್ಲಿ ಇರುವ ಭಾರತೀಯ ದಂಪತಿಗಳ ಮಕ್ಕಳದೂ ಇದೇ ಸ್ಥಿತಿ. ಹೀಗಾಗಿ ಕಾನ್ಸುಲೇಟಿನ ನೋಂದಣಿಯೇ ಮಗುವಿನ ಪೌರತ್ವದ ಬುನಾದಿ.

ನೋಂದಣಿಯ ಹೊತ್ತಿನಲ್ಲಿ, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿಗಳು ಬರೆದುಕೊಡಬೇಕು. ಕಾಯಿದೆ ಇಲ್ಲಿ ಕೇಳುವುದು ಪಾಸ್‌ಪೋರ್ಟ್ ಇದೆಯೇ ಎಂದು; ಹುಟ್ಟಿನಿಂದ ಬಂದ ಪೌರತ್ವ ಇದೆಯೇ ಎಂದಲ್ಲ. ಜನನದಿಂದಲೇ ಇನ್ನೊಂದು ಪೌರತ್ವ ಬಂದಿರುವ ಮಕ್ಕಳನ್ನು ಕಾಯಿದೆಯು ಗಮನದಲ್ಲಿಟ್ಟುಕೊಂಡಿದೆ. ಅಂಥವರು ಪ್ರಾಪ್ತ ವಯಸ್ಸಿಗೆ ಬಂದ ಆರು ತಿಂಗಳೊಳಗೆ ಆ ಇನ್ನೊಂದು ಪೌರತ್ವವನ್ನು ತ್ಯಜಿಸದಿದ್ದರೆ ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ಮಗುವಿಗೆ ಒಮ್ಮೆ ಅನ್ಯದೇಶದ ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಈ ದಾರಿ ಇಲ್ಲ. ಎರಡೂ ದೇಶಗಳ ಪಾಸ್‌ಪೋರ್ಟ್‌ಗಳನ್ನು ಏಕಕಾಲಕ್ಕೆ ಇಟ್ಟುಕೊಳ್ಳಲು ಭಾರತ ಒಪ್ಪುವುದಿಲ್ಲ. ಆದ್ದರಿಂದ ಮೊದಲು ಯಾವ ಕಚೇರಿಗೆ ಹೋಗುತ್ತೇವೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ.

ಜನನ ಪ್ರಮಾಣಪತ್ರ ಮತ್ತು ಹೆಸರು

ಯಾವ ದಾರಿ ಹಿಡಿದರೂ ಮೊದಲ ಮೆಟ್ಟಿಲು ಜನನ ಪ್ರಮಾಣಪತ್ರ. ಜರ್ಮನಿಯಲ್ಲಿ ಜನನವನ್ನು ಒಂದು ವಾರದೊಳಗೆ ಸ್ಟಾಂಡೆಸಾಮ್ಟ್‌ಗೆ ತಿಳಿಸಬೇಕು. ಆಸ್ಪತ್ರೆಯ ಹೆರಿಗೆಯಾದರೆ ಆಸ್ಪತ್ರೆಯೇ ತಿಳಿಸುತ್ತದೆ. ಹೆಸರನ್ನು ತಿಳಿಸಲು ಒಂದು ತಿಂಗಳ ಕಾಲಾವಕಾಶವಿದೆ. ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ನಾಮಕರಣ ಮಾಡುವ ಮನೆಗಳವರು ಅವಸರಪಡಬೇಕಾಗಿಲ್ಲ; ತೊಟ್ಟಿಲ ಶಾಸ್ತ್ರ ಮುಗಿಸಿಯೇ ಹೆಸರು ಬರೆಸಬಹುದು.

ತಂದೆತಾಯಿಗಳ ಜನನ ಪತ್ರಗಳನ್ನೂ ವಿವಾಹ ನೋಂದಣಿ ಪತ್ರವನ್ನೂ ಕಚೇರಿ ಕೇಳುತ್ತದೆ. ಭಾರತದ ಪತ್ರಗಳಿಗೆ ಅಪೋಸ್ಟಿಲ್ ಮುದ್ರೆ ಹಾಕಿಸಿದರೆ ಹಲವು ದೇಶಗಳಲ್ಲಿ ಸಾಕು. ಆದರೆ ಭಾರತವು ಅಪೋಸ್ಟಿಲ್ ಒಪ್ಪಂದವನ್ನು ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ಇಲ್ಲಿ ಆ ಮುದ್ರೆಗೆ ಬೆಲೆಯಿಲ್ಲ. ಕಚೇರಿಗೆ ಸಂಶಯ ಬಂದರೆ ಭಾರತದಲ್ಲಿರುವ ಜರ್ಮನ್ ದೂತಾವಾಸದ ಮೂಲಕ ಪತ್ರಗಳನ್ನು ಸ್ಥಳದಲ್ಲೇ ಪರಿಶೀಲಿಸುತ್ತದೆ. ಅದು ಮುಗಿಯುವವರೆಗೆ ಜನನ ಪ್ರಮಾಣಪತ್ರದ ಬದಲು, ತಂದೆತಾಯಿಗಳ ಗುರುತು ರುಜುವಾತಾಗಿಲ್ಲ ಎಂಬ ಷರಾ ಇರುವ ದಾಖಲೆಯ ನಕಲನ್ನು ಕೊಡುವುದುಂಟು.

ಮಗಳ ವಿಷಯದಲ್ಲಿ ಈ ಪರಿಶೀಲನೆಗೆ ಐದು ತಿಂಗಳು ಹಿಡಿಯಿತು. ಆ ಕಾಲಕ್ಕೆ ತೀರ್ಥಹಳ್ಳಿಯಲ್ಲಿದ್ದ ನನ್ನ ಅಜ್ಜಿಗೆ ತೊಂಬತ್ತು ದಾಟಿತ್ತು. ಮರಿಮಗಳನ್ನು ಯಾವಾಗ ಕರೆತರುತ್ತೀಯಪ್ಪ ಎಂದು ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದರು. ಒಂದು ಷರಾ ತೆಗೆಸಲು ಇಷ್ಟು ಕಾಲ ಬೇಕೆಂಬುದನ್ನು ಅವರಿಗೆ ತಿಳಿಯುವಂತೆ ಹೇಳುವ ಮಾತು ನನಗೆ ಸಿಗಲಿಲ್ಲ. ಮಗುವಿಗೆ ಎಂಟು ತಿಂಗಳಾದಾಗ ಹೋಗಲು ಸಾಧ್ಯವಾಯಿತು. ಅಜ್ಜಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೀರೆರೆದರು. ಮನೆಯಲ್ಲಿ ವಯಸ್ಸಾದವರಿರುವ ಎಲ್ಲರಿಗೂ ನನ್ನ ಸಲಹೆ ಇಷ್ಟೇ: ಏಳನೆಯ ತಿಂಗಳಿನೊಳಗೆ ನಿಮ್ಮೂರಿನ ಸ್ಟಾಂಡೆಸಾಮ್ಟ್‌ಗೆ ಹೋಗಿ, ಯಾವ ಪತ್ರಗಳು ಬೇಕು, ಅವುಗಳ ಪರಿಶೀಲನೆ ಬೇಕೇ ಎಂದು ಕೇಳಿ ಬನ್ನಿ.

ಹೆಸರಿನ ವಿಷಯವೂ ಕನ್ನಡಿಗರಿಗೆ ತೊಡಕಿನದೇ. ಊರಿನ ಹೆಸರು, ತಂದೆಯ ಹೆಸರುಗಳ ಮೊದಲ ಅಕ್ಷರಗಳನ್ನು ಇನಿಷಿಯಲ್‌ಗಳಾಗಿ ಇಟ್ಟುಕೊಳ್ಳುವ ನಮ್ಮ ಪದ್ಧತಿಯಲ್ಲಿ ಕುಟುಂಬನಾಮವೆಂಬುದು ಹಲವರಿಗೆ ಇರುವುದೇ ಇಲ್ಲ. ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಅಂಕಣ ಖಾಲಿ ಇರುವವರೂ ನಮ್ಮಲ್ಲಿ ಬಹಳ ಮಂದಿ. ಜರ್ಮನಿಯ ದಾಖಲೆಗೆ ಹೆಸರು, ಕುಟುಂಬನಾಮ ಎರಡೂ ಬೇಕು. ತಂದೆತಾಯಿಗಳು ತಮ್ಮ ಪೌರತ್ವದ ದೇಶದ ಕಾನೂನಿನಂತೆ ಮಗುವಿಗೆ ಹೆಸರಿಡುತ್ತೇವೆಂದು ಆರಿಸಿಕೊಳ್ಳಲು ಇಲ್ಲಿಯ ಕಾನೂನಿನಲ್ಲಿ ಅವಕಾಶವಿದೆ. ಆಗ ತಂದೆಯ ಅಥವಾ ತಾಯಿಯ ಸ್ವಂತ ಹೆಸರನ್ನೇ ಮಗುವಿನ ಕೊನೆಯ ಹೆಸರಾಗಿ ಕೇಳಿಕೊಳ್ಳಬಹುದು. ಏನನ್ನೇ ಆರಿಸಿದರೂ ಜನನ ಪತ್ರ, ಕಾನ್ಸುಲೇಟಿನ ನೋಂದಣಿ, ಪಾಸ್‌ಪೋರ್ಟ್ ಮೂರರಲ್ಲಿಯೂ ಒಂದೇ ಕಾಗುಣಿತವಿರಲಿ. ‘ಳ’ಕಾರ, ದೀರ್ಘಸ್ವರಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಬಗೆಯನ್ನು ಮೊದಲೇ ನಿಶ್ಚಯಿಸಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ

ಜರ್ಮನಿಯಲ್ಲಿ ಬರ್ಲಿನ್ನಿನ ರಾಯಭಾರ ಕಚೇರಿಯಲ್ಲದೆ ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ಗಳಲ್ಲಿ ಭಾರತದ ಕಾನ್ಸುಲೇಟುಗಳಿವೆ. ಕುಟುಂಬ ವಾಸಿಸುವ ರಾಜ್ಯವು ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆಯೋ ಅಲ್ಲಿಯೇ ಅರ್ಜಿ ಸಲ್ಲಿಸಬೇಕು. ಭಾರತದಲ್ಲಿ ಅಪ್ರಾಪ್ತರಿಗೆ ನೀಡುವ ಪಾಸ್‌ಪೋರ್ಟಿನ ಅವಧಿ ಐದು ವರ್ಷ, ಅಥವಾ ಹದಿನೆಂಟು ತುಂಬುವವರೆಗೆ. ಎರಡರಲ್ಲಿ ಯಾವುದು ಮೊದಲೋ ಅದು.

ಭಾರತೀಯ ಮಗುವಿಗೆ ಇಲ್ಲಿ ವಾಸದ ಪರವಾನಗಿಯೂ ಬೇಕು. ತಂದೆತಾಯಿಗಳಿಬ್ಬರಿಗೂ ಪರವಾನಗಿ ಇದ್ದರೆ ವಿದೇಶೀಯರ ಕಚೇರಿಯು ಅರ್ಜಿಯಿಲ್ಲದೆಯೇ ಅದನ್ನು ನೀಡುತ್ತದೆ; ಉಳಿದವರು ಹುಟ್ಟಿದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಅರ್ಜಿ ಬೇಡವೆಂದ ಮಾತ್ರಕ್ಕೆ ಸುಮ್ಮನೆ ಕುಳಿತಿರಬಾರದು. ಈ ಪತ್ರವಿಲ್ಲದೆ ಊರಿಗೆ ಹೋದರೆ ಮರಳಿ ಬರುವಾಗ ಮಗುವಿಗೆ ವೀಸಾದ ಪ್ರಶ್ನೆ ಏಳುತ್ತದೆ.

ಜರ್ಮನ್ ಮಗುವಿನ ಕೆಲಸ ಇದಕ್ಕಿಂತ ಹಗುರ. ಮಕ್ಕಳಿಗೆಂದೇ ಇದ್ದ ಪ್ರತ್ಯೇಕ ಪಾಸ್‌ಪೋರ್ಟನ್ನು 2024ರ ಜನವರಿ 1ರಿಂದ ನಿಲ್ಲಿಸಿರುವುದರಿಂದ, ಹಸುಗೂಸಿಗೂ ಆರು ವರ್ಷಗಳ ಸಾಮಾನ್ಯ ಪಾಸ್‌ಪೋರ್ಟೇ ದೊರೆಯುತ್ತದೆ. ಆದರೆ ಭಾರತಕ್ಕೆ ಹೋಗಲು ಆ ಮಗುವಿಗೆ ವೀಸಾ ಅಥವಾ ಒಸಿಐ ಕಾರ್ಡ್ ಬೇಕು.

ಒಸಿಐ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ

ಮಗನಿಗೆ ನಾವು ಜರ್ಮನ್ ಪಾಸ್‌ಪೋರ್ಟ್ ಮತ್ತು ಒಸಿಐ ಎಂಬ ದಾರಿಯನ್ನು ಆರಿಸಿದೆವು. ಅವನು ಬೆಳೆಯುವ, ಓದುವ ನೆಲದಲ್ಲಿ ಪರವಾನಗಿಯ ಹಂಗಿಲ್ಲದೆ ಇರಲಿ ಎಂಬುದು ನಮ್ಮ ಕಾರಣ. ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದರೂ ಅನ್ಯದೇಶದ ಪ್ರಜೆಯಾದ ಅಪ್ರಾಪ್ತ ಮಗು ಒಸಿಐಗೆ ಅರ್ಹ.

‘ಸಾಗರೋತ್ತರ ಭಾರತೀಯ ನಾಗರಿಕ’ ಎಂಬ ಹೆಸರು ದೊಡ್ಡದು. ಆದರೆ ಇದು ಪೌರತ್ವವಲ್ಲ. ಜೀವನಪರ್ಯಂತ ಭಾರತಕ್ಕೆ ಬಂದುಹೋಗುವ, ಅಲ್ಲಿ ವಾಸಿಸುವ ಅವಕಾಶವನ್ನು ಇದು ಕೊಡುತ್ತದೆ. ಮತದಾನದ ಹಕ್ಕನ್ನು ಕೊಡುವುದಿಲ್ಲ. ಮನೆ, ನಿವೇಶನ ಕೊಳ್ಳಬಹುದು. ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಅಜ್ಜನ ಅಡಿಕೆ ತೋಟ ಪಿತ್ರಾರ್ಜಿತವಾಗಿ ಬರಬಹುದು, ಪಕ್ಕದ ತೋಟವನ್ನು ಕ್ರಯಕ್ಕೆ ಪಡೆಯಲಾಗದು. 2021ರ ಮಾರ್ಚ್ 4ರ ಅಧಿಸೂಚನೆಯಂತೆ ವೈದ್ಯಕೀಯ, ಎಂಜಿನಿಯರಿಂಗ್ ಮುಂತಾದ ಪ್ರವೇಶ ಪರೀಕ್ಷೆಗಳಲ್ಲಿ ಒಸಿಐ ಹೊಂದಿದವರು ಅನಿವಾಸಿಗಳಿಗೆ ಮೀಸಲಾದ ಅಥವಾ ಹೆಚ್ಚುವರಿ ಸೀಟುಗಳಿಗೆ ಮಾತ್ರ ಸ್ಪರ್ಧಿಸಬಹುದು. ಮುಂದೆ ಊರಿಗೆ ಮರಳಿ ಮಕ್ಕಳನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓದಿಸುವ ಯೋಚನೆಯಿರುವವರು ಈ ಅಂಶವನ್ನು ಅವಶ್ಯ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಪ್ಪತ್ತು ವರ್ಷದವರೆಗೆ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸ ಪಾಸ್‌ಪೋರ್ಟಿನ ಪ್ರತಿಯನ್ನೂ ಭಾವಚಿತ್ರವನ್ನೂ ಒಸಿಐ ಜಾಲತಾಣಕ್ಕೆ ಸೇರಿಸಬೇಕು. ಇಪ್ಪತ್ತರ ನಂತರ ಹೊಸ ಪಾಸ್‌ಪೋರ್ಟ್ ಪಡೆದಾಗ ಒಮ್ಮೆ ಕಾರ್ಡನ್ನು ಮರಳಿ ಮಾಡಿಸಬೇಕು.

ಹದಿನೆಂಟರ ಹೊಸ್ತಿಲು

ತಂದೆತಾಯಿಗಳು ಮುಂದೆ ಜರ್ಮನ್ ಪೌರತ್ವ ಪಡೆದರೆ ಚಿಕ್ಕ ಮಕ್ಕಳನ್ನೂ ತಮ್ಮ ಅರ್ಜಿಯಲ್ಲಿಯೇ ಸೇರಿಸಿಕೊಳ್ಳಬಹುದು. ಶುಲ್ಕ ವಯಸ್ಕರಿಗೆ 255 ಯೂರೊ, ಜೊತೆಗೆ ಸೇರುವ ಮಗುವಿಗೆ 51 ಯೂರೊ. ಆಗ ಭಾರತದ ಪಾಸ್‌ಪೋರ್ಟುಗಳನ್ನು ಕಾನ್ಸುಲೇಟಿಗೆ ಒಪ್ಪಿಸಬೇಕು. ಜರ್ಮನಿ ಈಗ ಬಹುಪೌರತ್ವವನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಸ್ವಇಚ್ಛೆಯಿಂದ ಅನ್ಯದೇಶದ ಪೌರತ್ವ ಪಡೆದವರು ಆ ಕ್ಷಣವೇ ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ. ಇಬ್ಬರು ಮಕ್ಕಳ ಪತ್ರಗಳನ್ನು ಒಂದಾಗಿಸಲು ನಮಗಿರುವ ದಾರಿ ಇದೊಂದೇ. ಅದನ್ನು ಹಿಡಿಯುವುದೇ ಬೇಡವೇ ಎಂದು ನಾನೂ ನನ್ನ ಹೆಂಡತಿಯೂ ಇನ್ನೂ ಚರ್ಚಿಸುತ್ತಿದ್ದೇವೆ.

ಕೊನೆಯದಾಗಿ ಒಂದು ಮಾತು. ಜನನ ಪತ್ರ, ಕಾನ್ಸುಲೇಟಿನ ನೋಂದಣಿ ಪತ್ರ, ಹಳೆಯ ಪಾಸ್‌ಪೋರ್ಟುಗಳು, ಮಗು ಹುಟ್ಟಿದ ದಿನ ನಿಮಗಿದ್ದ ಪರವಾನಗಿಯ ಪ್ರತಿ ಇವೆಲ್ಲವನ್ನೂ ಪ್ರತಿಯೊಂದು ಮಗುವಿಗೂ ಬೇರೆ ಬೇರೆ ಕಡತದಲ್ಲಿ ಜೋಪಾನವಾಗಿಡಿ. ಯಾವ ದಾರಿಯನ್ನು ಏಕೆ ಆರಿಸಿದಿರಿ ಎಂಬುದನ್ನೂ ಕನ್ನಡದಲ್ಲಿ ಒಂದು ಪುಟ ಬರೆದು ಅದರಲ್ಲಿರಿಸಿ. ಹದಿನೆಂಟು ತುಂಬಿದ ಮೇಲೆ ನಿರ್ಧಾರ ಮಕ್ಕಳದು. ಎರಡು ಪೌರತ್ವಗಳಿರುವ ಮಗುವಿಗೆ ಆಗ ಇರುವುದು ಆರೇ ತಿಂಗಳು.